ಒಲೆಯಿಂದ ಆರಂಭವಾದ ನಮ್ಮ ಸೌದೆ ತೋಪು

2013ರ ಬೇಸಿಗೆಯಲ್ಲಿ, ಯುಗಾದಿ ಕಳೆದ ಮರುವಾರ, ಹುಣಸೆಹಣ್ಣು ತೂಗುವ ಕೊಕ್ಕೆ ತಕ್ಕಡಿಯನ್ನು ಹಿತ್ತಿಲ ಜಂತೆಗೆ ನೇತುಹಾಕಿ, ಏಳು ದಿನ ಒಲೆಗೆ ಹೋಗುವ ಪ್ರತಿಯೊಂದು ಹೊರೆ ಸೌದೆಯನ್ನೂ ತೂಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ. ನಮ್ಮದು ಆರು ಜನರ ಮನೆ. ಬೆಳಗಿನ ತಿಂಡಿ, ಎರಡು ಹೊತ್ತಿನ ಮುದ್ದೆ ಸಾರು, ಸ್ನಾನದ ಹಂಡೆಯ ನೀರು, ಹಸುವಿಗೆ ಬೇಯಿಸುವ ಹುರುಳಿ, ಇಷ್ಟಕ್ಕೆ ದಿನವೊಂದಕ್ಕೆ ಸರಾಸರಿ 9 ಕಿಲೋ ಸೌದೆ ಉರಿಯುತ್ತಿತ್ತು. ವರ್ಷಕ್ಕೆ ಲೆಕ್ಕ ಹಾಕಿದಾಗ ಸುಮಾರು 3,300 ಕಿಲೋ ಎಂದು ತಿಳಿದು ನನಗೇ ಗಾಬರಿಯಾಯಿತು, ಏಕೆಂದರೆ ಅಷ್ಟನ್ನೂ ನಾನು ಮತ್ತು ನನ್ನ ಅತ್ತೆ ವಾರಕ್ಕೆ ಎರಡು ಮೂರು ಬಾರಿ ಗುಡ್ಡದ ಬುಡದವರೆಗೆ ನಡೆದು ತಲೆಯ ಮೇಲೆ ಹೊತ್ತು ತರುತ್ತಿದ್ದೆವು, ಕೊರತೆಯಾದದ್ದನ್ನು ತೆಂಗಿನ ಗರಿ, ಮಟ್ಟೆ, ಹಿಪ್ಪುನೇರಳೆ ಕಡ್ಡಿಗಳಿಂದ ತುಂಬಿಕೊಳ್ಳುತ್ತಿದ್ದೆವು.

ತೂಗಿದ್ದಕ್ಕೆ ಕಾರಣವಿತ್ತು. ಊರಾಚೆ ಇದ್ದ ನಮ್ಮ ಒಂದು ಎಕರೆ ಗರಸು ಭೂಮಿಯಲ್ಲಿ ರಾಗಿ ಕೈಗೆ ಹತ್ತದೆ ಮೂರು ವರ್ಷವಾಗಿತ್ತು; ಅಲ್ಲಿ ಸೌದೆಗೆಂದೇ ಮರ ಬೆಳೆಸಬೇಕೆಂದು ನಾನು ಹೇಳಿದಾಗ ನನ್ನ ಮಾವ ಕೇಳಿದ್ದು ಒಂದೇ ಮಾತು: ‘ಎಷ್ಟು ಮರ ಬೇಕು?’ ನನ್ನಲ್ಲಿ ಉತ್ತರವಿರಲಿಲ್ಲ.

ಸೌದೆಗೆಂದೇ ತೋಪು ಬೆಳೆಸುವ ವಿಚಾರ ನನಗೆ ಹೊಸದಾಗಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹಳ್ಳಿಗಳ ಇಂಧನ ಬಳಕೆಯನ್ನು ಅಧ್ಯಯನ ಮಾಡಲು ಆರಿಸಿಕೊಂಡದ್ದು ಇದೇ ತಾಲ್ಲೂಕಿನ ಉಂಗ್ರ ಮತ್ತು ಅದರ ಸುತ್ತಲಿನ ಊರುಗಳನ್ನು. ಆ ಅಧ್ಯಯನದಿಂದ ಹೊರಬಂದ ಮುಖ್ಯ ಸಂಗತಿ ನಮ್ಮ ಹೆಂಗಸರಿಗೆಲ್ಲ ಮೊದಲೇ ಗೊತ್ತಿದ್ದದ್ದು: ಹಳ್ಳಿಯಲ್ಲಿ ಬಳಕೆಯಾಗುವ ಇಂಧನದ ಬಹುಪಾಲು ಸೀಮೆಎಣ್ಣೆಯೂ ಅಲ್ಲ, ವಿದ್ಯುತ್ತೂ ಅಲ್ಲ, ಅಡುಗೆಯ ಸೌದೆ. ಗೊತ್ತಿದ್ದದ್ದೇ ಆದರೂ ಅದನ್ನು ಅಳೆದು ಬರೆದಿಟ್ಟವರು ಇವರೇ ಎಂಬ ಕಾರಣಕ್ಕೆ ನನಗೆ ಅವರ ಮೇಲೆ ಗೌರವ.

1988ರಲ್ಲಿ ಅದೇ ತಾಲ್ಲೂಕಿನ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ ಮರದ ತುಂಡುಗಳಿಂದ ಅನಿಲ ತಯಾರಿಸಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಕೊಟ್ಟಿದ್ದರು. ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಅದನ್ನು ತೋರಿಸಿದ್ದರು. ಉದ್ದನೆಯ ಕೊಳವೆಯಂಥ ಪಾತ್ರೆಯ ಮೇಲಿನ ಬಾಯಿಗೆ ಹೆಬ್ಬೆರಳಿನಷ್ಟು ದಪ್ಪದ ತುಂಡುಗಳನ್ನು ಬುಟ್ಟಿಯಿಂದ ಸುರಿಯುತ್ತಿದ್ದರು. ಒಳಗೆ ಗಾಳಿ ಸಾಲದಂತೆ ಉರಿಸಿದಾಗ ಹುಟ್ಟುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಇರುತ್ತವೆ, ಅವೇ ಎಂಜಿನ್ನಿನಲ್ಲಿ ಉರಿಯುವುದು ಎಂಬುದನ್ನು ನಾನು ಎಷ್ಟೋ ವರ್ಷಗಳ ನಂತರ ಓದಿ ತಿಳಿದುಕೊಂಡೆ. ಅಂದು ಕಣ್ಣಿಗೆ ಬಿದ್ದದ್ದು ಬೇರೆ. ಯಂತ್ರವಿದ್ದ ಕೊಠಡಿಗಿಂತ ಅದರ ಪಕ್ಕದ ಸೌದೆ ಒಣಗಿಸುವ ಚಪ್ಪರವೇ ದೊಡ್ಡದಾಗಿ ಕಾಣುತ್ತಿತ್ತು; ಯಂತ್ರ ನೋಡಿಕೊಳ್ಳುತ್ತಿದ್ದ ಯುವಕ ಪ್ರತಿಯೊಂದು ಬುಟ್ಟಿಯಲ್ಲೂ ಕೈಯಾಡಿಸಿ, ಹಸಿ ತುಂಡುಗಳನ್ನು ಹೆಕ್ಕಿ ಹೊರಗೆ ಎಸೆಯುತ್ತಿದ್ದ. ಆ ಊರಿಗೆ ಬೇಕಾದ ಸೌದೆಗೆ ಊರಿನ ಪಕ್ಕದಲ್ಲೇ ಹಲವು ಜಾತಿಯ ಮರಗಳ ತೋಪನ್ನು ಬೆಳೆಸಿದ್ದರು. ದೀಪದ ನಂತರ ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲವೂ ಅದೇ ಸೌದೆಯಿಂದ ನಡೆದವು.

ಈಗ ಲೆಕ್ಕಕ್ಕೆ ಬರುತ್ತೇನೆ. ನಮ್ಮಂಥ ಮಳೆಯಾಶ್ರಿತ ಸೀಮೆಯಲ್ಲಿ, ಮಣ್ಣು ತೀರಾ ಕೆಟ್ಟಿರದಿದ್ದರೆ, ಒಂದು ಹೆಕ್ಟೇರ್ ಸೌದೆ ತೋಪಿನಿಂದ ವರ್ಷಕ್ಕೆ 4ರಿಂದ 6 ಟನ್ ಒಣ ಸೌದೆ ಸಿಕ್ಕರೆ ಅದು ಒಳ್ಳೆಯ ಇಳುವರಿ. ಎಕರೆಗೆ ಸುಮಾರು 2 ಟನ್ ಎಂದಿಟ್ಟುಕೊಳ್ಳಬಹುದು. ನಮಗೆ ಬೇಕಾದದ್ದು 3.3 ಟನ್. ಇದ್ದದ್ದು ಒಂದೇ ಎಕರೆ, ಅದೂ ಗರಸು. ಮರ ಎಷ್ಟೇ ಚೆನ್ನಾಗಿ ಬೆಳೆದರೂ ನಮ್ಮ ತೋಪು ನಮ್ಮ ಒಲೆಗೆ ಸಾಲುತ್ತಿರಲಿಲ್ಲ. ಹೀಗಾಗಿ ಗುಂಡಿ ತೆಗೆಯುವುದಕ್ಕಿಂತ ಮೊದಲು ಒಲೆಯನ್ನು ಬದಲಾಯಿಸಬೇಕು ಎಂಬ ತೀರ್ಮಾನಕ್ಕೆ ಬಂದೆ. ಊರಿನ ಬಳಕೆಗೆಂದು ಊರಲ್ಲೇ ಮರ ಬೆಳೆಸುವ ಸಾಮಾಜಿಕ ಅರಣ್ಯದ ಮಾತು ಬಂದಾಗಲೆಲ್ಲ ಎಷ್ಟು ಸಸಿ ಹಂಚಿದರು, ಎಷ್ಟು ನೆಟ್ಟರು ಎಂಬುದನ್ನೇ ಕೇಳುತ್ತೇವೆ. ಆ ಮರಗಳು ಕೊನೆಗೆ ಸೇರುವ ಒಲೆ ಎಂಥದು ಎಂದು ಕೇಳುವವರು ಕಡಿಮೆ. ತೋಪಿನ ಅಳತೆಯನ್ನು ನಿರ್ಧರಿಸುವುದು ಒಲೆ ಎಂಬುದು ಹತ್ತು ವರ್ಷದ ಈ ಕೆಲಸದಲ್ಲಿ ನಾನು ಕಂಡುಕೊಂಡ ಸಂಗತಿ.

ನಾವು ಕಟ್ಟಿಸಿದ್ದು ಅದೇ ಅಸ್ತ್ರ ಕೇಂದ್ರದ ಅಸ್ತ್ರ ಒಲೆ. 1980ರ ದಶಕದಲ್ಲೇ ರೂಪುಗೊಂಡ ಈ ಒಲೆಗೆ ಸಾಲಾಗಿ ಮೂರು ಪಾತ್ರೆ ಕೂರುವ ಕಣ್ಣುಗಳು, ಸೌದೆಯ ಅಡಿಯಲ್ಲಿ ಗಾಳಿ ಬರಲು ಕಬ್ಬಿಣದ ಜಾಲರಿ, ಸೌದೆ ಹಾಕುವ ಬಾಯಿಗೆ ಮುಚ್ಚಳ, ಕೊನೆಯಲ್ಲಿ ಹೊಗೆ ಕೊಳವೆ ಇರುತ್ತವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ತಲುಪಿದರೆ, ಸರಿಯಾಗಿ ಕಟ್ಟಿದ ಅಸ್ತ್ರ ಒಲೆಯಲ್ಲಿ ಅದು ಮೂರನೆಯ ಒಂದು ಪಾಲಿನ ಹತ್ತಿರಕ್ಕೆ ಬರುತ್ತದೆ. ಸರಿಯಾಗಿ ಕಟ್ಟಿದರೆ ಎಂಬ ಮಾತನ್ನು ಗಮನಿಸಬೇಕು. ಹುತ್ತದ ಮಣ್ಣು, ಮರಳು, ಸಗಣಿ, ಸಣ್ಣಗೆ ಕತ್ತರಿಸಿದ ರಾಗಿ ಹುಲ್ಲು ಸೇರಿಸಿ ಎರಡು ದಿನ ನೆನೆಸಿ ತುಳಿದ ಮಣ್ಣಿನಿಂದ ನಮ್ಮ ಮೊದಲ ಒಲೆಯನ್ನು ಕಟ್ಟಿದರು. ಅದು ನೋಡಲು ಚೆನ್ನಾಗಿತ್ತು. ಹೊಗೆ ಹೊರಗೆ ಹೋಯಿತು. ಆದರೆ ಹದಿನೈದನೆಯ ದಿನ ಮೊದಲ ಕಣ್ಣಿನ ಅಂಚು ಮುರಿದು ಬಿತ್ತು.

ಕಾರಣ ರಾಗಿ ಮುದ್ದೆ. ಅನ್ನ ಮಾಡುವವರಿಗೆ ಇದು ತಿಳಿಯುವುದಿಲ್ಲ. ಎಸರು ಕುದಿದು ಹಿಟ್ಟು ಹಾಕಿದ ಮೇಲೆ, ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಮೈಯ ಭಾರವನ್ನೆಲ್ಲ ಮುದ್ದೆ ಕೋಲಿನ ಮೇಲೆ ಹಾಕಿ ತಿರುವಬೇಕು. ಗಂಟಿಲ್ಲದ ಮುದ್ದೆಗೆ ಕಡಿಮೆಯೆಂದರೆ ನಾಲ್ಕೈದು ನಿಮಿಷ ಹಾಗೆ ತಿರುವಬೇಕಾಗುತ್ತದೆ. ಆ ಒತ್ತಡವೆಲ್ಲ ಒಲೆಯ ಕಣ್ಣಿನ ಅಂಚಿನ ಮೇಲೆ ಬೀಳುತ್ತದೆ. ನನ್ನ ಅತ್ತೆ ಮುರಿದ ಅಂಚನ್ನು ಕೈಯಲ್ಲಿ ಹಿಡಿದು ನೋಡಿ, ಗಾಡಿಯ ಗಾಲಿಗೆ ಹಾಕುವಂತೆ ಇದಕ್ಕೂ ಒಂದು ಪಟ್ಟಾ ಹಾಕಿಸಿ ಎಂದರು. ಕಮ್ಮಾರರಿಂದ ನಮ್ಮ ಮುದ್ದೆ ಪಾತ್ರೆಯ ಸುತ್ತಳತೆಗೆ ಸರಿಯಾಗಿ ಕಬ್ಬಿಣದ ಬಳೆ ಮಾಡಿಸಿ ಕಣ್ಣಿನ ಅಂಚಿನಲ್ಲಿ ಕೂರಿಸಿ, ಒಲೆಯ ಎತ್ತರವನ್ನು ನಾಲ್ಕು ಬೆರಳು ತಗ್ಗಿಸಿ ಮತ್ತೆ ಕಟ್ಟಿದೆವು. ಆ ಬಳೆ ಇಂದಿಗೂ ಇದೆ. ಪಾತ್ರೆ ಕಣ್ಣಿಗೆ ಬಿಗಿಯಾಗಿ ಕೂತಿದ್ದರಿಂದ ಸಂದಿಯಲ್ಲಿ ಸೋರುತ್ತಿದ್ದ ಶಾಖವೂ ನಿಂತಿತು. ಆ ಬಳೆಯ ಉಪಾಯ ನನ್ನ ಅತ್ತೆಯದು ಎಂಬುದನ್ನು ಇಲ್ಲಿ ಬರೆದಿಡಬೇಕೆನಿಸಿತು.

ಒಲೆ ಬದಲಾದ ಮೇಲೆ ಮನೆಯ ಇತರ ಅಭ್ಯಾಸಗಳೂ ಬದಲಾದವು. ಉದ್ದನೆಯ ಕೊರಡನ್ನು ಒಲೆಗೆ ತುರುಕಿ ಬೇರೆ ಕೆಲಸಕ್ಕೆ ಹೋಗುವಂತಿರಲಿಲ್ಲ. ಸೌದೆಯನ್ನು ಮೊಳದುದ್ದಕ್ಕೆ ಕಡಿದು ಸೀಳಿ ಇಟ್ಟುಕೊಳ್ಳಬೇಕಾಯಿತು, ಹೊಗೆ ಕೊಳವೆಯ ಮಸಿಯನ್ನು ಹದಿನೈದು ದಿನಕ್ಕೊಮ್ಮೆ ತೆಗೆಯಬೇಕಾಯಿತು. ಅತ್ತೆಯ ಕಣ್ಣಿನ ಉರಿ ತಿಂಗಳೊಳಗೆ ಕಡಿಮೆಯಾಯಿತು. ಇನ್ನೊಂದು ಕಡೆ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯಾಡುತ್ತಿದ್ದುದರಿಂದ ಹುಳು ಬೀಳದೆ ಉಳಿಯುತ್ತಿದ್ದ ಅವರೆ, ತೊಗರಿಯ ಬಿತ್ತನೆ ಬೀಜಕ್ಕೆ ಆ ವರ್ಷ ಹುಳು ಬಿತ್ತು. ಮುಂದಿನ ವರ್ಷದಿಂದ ಬೂದಿ ಮತ್ತು ಬೇವಿನ ಸೊಪ್ಪು ಸೇರಿಸಿ ಮಡಕೆಯಲ್ಲಿಟ್ಟೆವು. ಬಚ್ಚಲ ಒಲೆಗೂ ಜಾಲರಿ ಮತ್ತು ಕೊಳವೆ ಹಾಕಿಸಿ, 2014ರ ಬೇಸಿಗೆಯಲ್ಲಿ ಅದೇ ತಕ್ಕಡಿಯಲ್ಲಿ ಮತ್ತೆ ಏಳು ದಿನ ತೂಗಿದೆ. ದಿನಕ್ಕೆ 5 ಕಿಲೋ. ವರ್ಷಕ್ಕೆ 1,800 ಕಿಲೋ ಚಿಲ್ಲರೆ. ಒಂದು ಎಕರೆಯ ತೋಪು ಈಗ ಲೆಕ್ಕದಲ್ಲಾದರೂ ಸಾಲುವಂತಾಯಿತು.

ಯಾವ ಮರ ನೆಡಬೇಕೆಂಬ ಬಗ್ಗೆ ಮನೆಯಲ್ಲಿ ಬಹಳ ಚರ್ಚೆಯಾಯಿತು. ಊರಿನಲ್ಲಿ ಹಲವರು ನೀಲಗಿರಿ ಹಾಕಿ ಎಂದರು, ಮಾವ ಬೇಡವೆಂದರು. ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲಿ ಸಾಮಾಜಿಕ ಅರಣ್ಯವನ್ನು ಶಿಫಾರಸು ಮಾಡಿದಾಗ ಅದರ ಆಶಯ ಹಳ್ಳಿಯ ಜನಕ್ಕೆ ಸೌದೆ, ಮೇವು, ಸಣ್ಣ ಮರಮುಟ್ಟು ಊರಲ್ಲೇ ಸಿಗಬೇಕೆಂಬುದಾಗಿತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಯೋಜನೆ ನಡೆದಾಗ ಬಯಲುಸೀಮೆಯ ಹೊಲಗಳನ್ನು ತುಂಬಿದ್ದು ಬಹುಪಾಲು ನೀಲಗಿರಿ. ಅದರ ಮರ ಹೋದದ್ದು ಕಾರ್ಖಾನೆಗೆ ಮತ್ತು ಪೇಟೆಯ ಗಳುಗಳಿಗೆ. ನಮ್ಮ ಜಿಲ್ಲೆಯಲ್ಲೇ ರೈತರು ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದ್ದನ್ನು ಮಾವ ನೆನಪಿಸಿಕೊಂಡರು. ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದಲ್ಲಿ ಊರಿನ ಸಾಮೂಹಿಕ ಭೂಮಿಯಲ್ಲಿದ್ದ ನೀಲಗಿರಿಯನ್ನು ಕಿತ್ತು, ಅದೇ ಜಾಗದಲ್ಲಿ ಜನರಿಗೆ ಬೇಕಾದ ಮರಗಳನ್ನು ನೆಟ್ಟರು. ಎರಡನೆಯ ಪದ ‘ಹಚ್ಚಿಕೊ’, ಅಂದರೆ ನೆಟ್ಟುಕೊ, ಎಂಬುದು ನನಗೆ ಮುಖ್ಯವೆನಿಸುತ್ತದೆ. ನೀಲಗಿರಿ ಬೇಗ ಬೆಳೆಯುತ್ತದೆ, ಕಡಿದರೆ ಚಿಗುರುತ್ತದೆ, ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಎಲೆಯನ್ನು ಮೇಕೆ ಮುಟ್ಟುವುದಿಲ್ಲ, ಗೊಬ್ಬರಕ್ಕೂ ಬಾರದು. ಸೌದೆ ಸಿಗಲು ನಾಲ್ಕೈದು ವರ್ಷ ಕಾಯಬೇಕಾದ ಬಡ ಮನೆಗೆ ಅಷ್ಟರವರೆಗೆ ಮರ ಏನನ್ನಾದರೂ ಕೊಡುತ್ತಿರಬೇಕು, ಇಲ್ಲದಿದ್ದರೆ ಆ ತೋಪನ್ನು ಕಾಯುವ ಮನಸ್ಸು ಯಾರಿಗೂ ಉಳಿಯುವುದಿಲ್ಲ.

ನಾವು ಆರಿಸಿಕೊಂಡದ್ದು ಸೀಮೆ ತಂಗಡಿ, ಹೊಂಗೆ, ಗ್ಲಿರಿಸಿಡಿಯಾ, ಜೊತೆಗೆ ಅಲ್ಲಲ್ಲಿ ಬೇವು. ಸೀಮೆ ತಂಗಡಿ ಸೌದೆಗೆ. ಹೊಂಗೆ ಸೊಪ್ಪಿಗೂ ಬೀಜಕ್ಕೂ. ಗ್ಲಿರಿಸಿಡಿಯಾ ಬೇಲಿಗೂ ತೆಂಗಿನ ಬುಡದ ಹಸಿರೆಲೆ ಗೊಬ್ಬರಕ್ಕೂ. 2015ರ ಏಪ್ರಿಲ್, ಮೇ ತಿಂಗಳಲ್ಲಿ ಎರಡು ಮೀಟರಿಗೊಂದರಂತೆ ಸುಮಾರು ಸಾವಿರ ಗುಂಡಿ ತೆಗೆಸಿ ಬಿಸಿಲಿಗೆ ಬಿಟ್ಟೆವು. ಹೊಂಗೆ ಸಸಿಗಳನ್ನು ಊರ ಬಾವಿಯ ಬಳಿಯ ಮರದ ಬೀಜದಿಂದ ನಾನೇ ಎಬ್ಬಿಸಿದ್ದೆ; ಹೊಂಗೆ ಬೀಜ ದೊಡ್ಡದು, ಹದವಾದ ಮಣ್ಣಿನಲ್ಲಿ ಎರಡು ವಾರದಲ್ಲಿ ಮೊಳೆಯುತ್ತದೆ. ಸೀಮೆ ತಂಗಡಿಯ ಬೀಜದ ಸಿಪ್ಪೆ ಗಟ್ಟಿ. ಅದನ್ನು ಬಿಸಿನೀರಿನಲ್ಲಿ ಹಾಕಿ ರಾತ್ರಿಯಿಡೀ ನೆನೆಸಬೇಕೆಂದು ಗೊತ್ತಿಲ್ಲದೆ ನಾನು ಹಾಗೆಯೇ ಬಿತ್ತಿದ್ದರಿಂದ ಮೊಳೆತದ್ದು ಬೆರಳೆಣಿಕೆಯಷ್ಟು. ಹಾಗಾಗಿ ಆ ಸಸಿಗಳನ್ನು ಒಂದು ನರ್ಸರಿಯಿಂದ ಕೊಂಡು ತಂದೆವು.

ಆ ಸಸಿಗಳು ಮೊಣಕಾಲೆತ್ತರ ಬೆಳೆದು ಹಸಿರಾಗಿ ಕಾಣುತ್ತಿದ್ದವು. ನೆಟ್ಟ ಎರಡು ತಿಂಗಳಿಗೆ ಗಾಳಿಗೆ ಒಂದೊಂದೇ ವಾಲತೊಡಗಿದವು. ಒಂದನ್ನು ಕಿತ್ತು ಮಣ್ಣು ತೊಳೆದು ನೋಡಿದೆ. ತಾಯಿಬೇರು ಕೆಳಕ್ಕೆ ಇಳಿದಿರಲಿಲ್ಲ. ಚೀಲದ ತಳದಲ್ಲಿ ಮೂರು ಸುತ್ತು ಸುತ್ತಿ, ನೀರು ಹೊರುವಾಗ ತಲೆಯ ಮೇಲಿಡುವ ಸಿಂಬಿಯಂತೆ ಗಟ್ಟಿಯಾಗಿ ಹೆಣೆದುಕೊಂಡಿತ್ತು. ಹಿಂದಿನ ವರ್ಷ ಮಾರಾಟವಾಗದೆ ಉಳಿದ ಸಸಿಗಳನ್ನು ನಮಗೆ ಕೊಟ್ಟಿದ್ದರು. ಬೇರು ಇಳಿಯದ ಸಸಿಗೆ ಬೇಸಿಗೆ ಎದುರಿಸುವ ಶಕ್ತಿ ಇರುವುದಿಲ್ಲ. ಮುಂದಿನ ವರ್ಷವೇ, 2016ರಲ್ಲಿ, ರಾಜ್ಯದ ಬಹುಭಾಗದಂತೆ ನಮ್ಮಲ್ಲೂ ಮಳೆ ಕೈಕೊಟ್ಟಿತು. ಸಾವಿರದಲ್ಲಿ ಉಳಿದದ್ದು 610. ಸತ್ತವುಗಳಲ್ಲಿ ಬಹುತೇಕ ಆ ಕೊಂಡು ತಂದ ಸಸಿಗಳೇ. ಅಂದಿನಿಂದ ಯಾರಾದರೂ ಸಸಿ ತರುತ್ತೇನೆಂದರೆ ನಾನು ಹೇಳುವುದು ಒಂದೇ: ನೂರು ಸಸಿ ಕೊಳ್ಳುವ ಮೊದಲು ಒಂದರ ಚೀಲ ಹರಿದು ಬೇರು ನೋಡಿ. ಖಾಲಿ ಗುಂಡಿಗಳನ್ನು 2017ರ ಮುಂಗಾರಿನಲ್ಲಿ ನಾವೇ ಎಬ್ಬಿಸಿದ ಸಸಿಗಳಿಂದ ತುಂಬಿದೆವು. ಬದುವಿನಲ್ಲಿ ನೆಟ್ಟು ಉಳಿಸಿಕೊಂಡ ಮರಗಳಿಗೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಿಂದ ಸಹಾಯಧನ ಬಂದದ್ದು ಆ ವರ್ಷಗಳಲ್ಲಿ ಆಸರೆಯಾಯಿತು.

ಮೇಕೆಗಳ ಕಾಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕತ್ತಾಳೆ ಮತ್ತು ಗ್ಲಿರಿಸಿಡಿಯಾ ಬೇಲಿ ಎದೆಯೆತ್ತರ ಬರುವವರೆಗೆ ಮಾವ ದಿನವೂ ಅಲ್ಲೇ ಇರುತ್ತಿದ್ದರು.

ಮೊದಲ ಕಟಾವು 2020ರ ಫೆಬ್ರವರಿಯಲ್ಲಿ, ಶಿವರಾತ್ರಿಯ ಆಸುಪಾಸಿನಲ್ಲಿ ಆಯಿತು. ಎಕರೆಯನ್ನು ನಾಲ್ಕು ಪಟ್ಟೆಗಳಾಗಿ ವಿಂಗಡಿಸಿ, ವರ್ಷಕ್ಕೊಂದು ಪಟ್ಟೆ ಕಡಿದರೆ ಐದನೆಯ ವರ್ಷಕ್ಕೆ ಮೊದಲ ಪಟ್ಟೆ ಮತ್ತೆ ಕಟಾವಿಗೆ ಬರುತ್ತದೆ ಎಂಬುದು ನಮ್ಮ ಕ್ರಮ. ಕಡಿಯುವುದರಲ್ಲಿ ಒಂದು ಹದವಿದೆ. ಮೊಣಕಾಲಿಗಿಂತ ತುಸು ಕೆಳಗೆ, ಹರಿತವಾದ ಮಚ್ಚಿನಿಂದ, ಬುಡದ ತೊಗಟೆ ಸೀಳದಂತೆ, ಓರೆಯಾಗಿ ಕಡಿಯಬೇಕು. ನೆಟ್ಟಗೆ ಕಡಿದರೆ ಕೊರಡಿನ ಮೇಲೆ ನೀರು ನಿಂತು ಕೊಳೆಯುತ್ತದೆ. ಮಳೆ ಬಿದ್ದ ಮೇಲೆ ಒಂದೊಂದು ಬುಡದಿಂದ ಹತ್ತು ಹದಿನೈದು ಚಿಗುರು ಏಳುತ್ತವೆ. ಅವುಗಳಲ್ಲಿ ಗಟ್ಟಿಯಾದ ಮೂರನ್ನು ಉಳಿಸಿ ಉಳಿದದ್ದನ್ನು ಮುರಿಯುವುದು ನನಗೆ ಮೊದಲ ವರ್ಷ ಕರುಳು ಹಿಂಡಿದಂತಾಯಿತು, ಆದರೆ ಹಾಗೆ ಮಾಡದಿದ್ದರೆ ಎಲ್ಲವೂ ಕಡ್ಡಿಯಾಗಿಯೇ ಉಳಿಯುತ್ತವೆ.

ಕಡಿದ ಸೌದೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಹಸಿ ಸೌದೆಯನ್ನು ಉರಿಸಿದರೆ ಮೊದಲು ಆ ನೀರನ್ನು ಆವಿ ಮಾಡಲು ಶಾಖ ಹೋಗುತ್ತದೆ, ಉಳಿದದ್ದು ಅಡುಗೆಗೆ. ಹೊಗೆಯೂ ಜಾಸ್ತಿ, ಕೊಳವೆಯಲ್ಲಿ ಅಂಟುವ ಟಾರೂ ಜಾಸ್ತಿ. ಹೊಸಹಳ್ಳಿಯ ಯುವಕ ಹಸಿ ತುಂಡುಗಳನ್ನು ಯಾಕೆ ಎಸೆಯುತ್ತಿದ್ದನೆಂಬುದು ನನಗೆ ಅರ್ಥವಾದದ್ದು ಆಗ. ದನದ ಕೊಟ್ಟಿಗೆಯ ಪಕ್ಕದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ, ನೆಲದಿಂದ ಗೇಣು ಮೇಲೆ ಕಲ್ಲು ಹಾಸಿ, ಸೀಳಿದ ಸೌದೆಯನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದೆವು. ಮೂರು ತಿಂಗಳ ನಂತರ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡುತ್ತೇವೆ. ‘ಟಣ್’ ಎಂದರೆ ಒಣಗಿದೆ. ‘ದಪ್’ ಎಂದರೆ ಇನ್ನೂ ಕಾಯಬೇಕು. ಒಣಗಿದ ಮೇಲೆ ತೂಗಿದಾಗ ಆ ಕಾಲು ಎಕರೆಯಿಂದ 1,460 ಕಿಲೋ ಸಿಕ್ಕಿತು. ಬೇಕಿದ್ದದ್ದು 1,800. ಕೊರತೆಯನ್ನು ತೆಂಗಿನ ಗರಿ, ಕರಟಗಳು ತುಂಬಿದವು. ಆ ವರ್ಷ ನಾವು ಗುಡ್ಡಕ್ಕೆ ಹೋದದ್ದು ಎರಡೇ ಬಾರಿ.

ಇಷ್ಟೂ ಜಮೀನಿದ್ದವರ ಕಥೆ. ನಮ್ಮ ಸ್ತ್ರೀಶಕ್ತಿ ಸಂಘದ ಹದಿನೆಂಟು ಸದಸ್ಯರಲ್ಲಿ ಏಳು ಜನಕ್ಕೆ ಅಂಗೈಯಗಲ ಜಮೀನೂ ಇಲ್ಲ. ಸೌದೆಗೆ ಅತಿ ಹೆಚ್ಚು ಕಷ್ಟಪಡುವವರು ಅವರೇ. ಅವರಿಗೆ ಒಲೆ ಕಟ್ಟಿಕೊಡುವುದು ಸುಲಭವಾಯಿತು, ತೋಪು ಎಲ್ಲಿಂದ ತರುವುದು? ಇದ್ದದ್ದು ಊರ ಕೆರೆಯಂಗಳ. ಪಂಚಾಯಿತಿಯಲ್ಲಿ ಹಲವು ಸಲ ಕೇಳಿದ ಮೇಲೆ 2018ರಲ್ಲಿ ಉದ್ಯೋಗ ಖಾತರಿಯಡಿ ಗುಂಡಿ ತೆಗೆದು, ಅಂಚಿನಲ್ಲಿ ಹೊಂಗೆ, ತಗ್ಗಿನಲ್ಲಿ ಕರಿಜಾಲಿ, ನಡುವೆ ಸೀಮೆ ತಂಗಡಿ ನೆಟ್ಟೆವು. 2021 ಮತ್ತು 2022ರಲ್ಲಿ ಬಿದ್ದ ಭಾರಿ ಮಳೆಗೆ ಬಹಳ ವರ್ಷಗಳ ನಂತರ ಕೆರೆ ತುಂಬಿತು. ಊರೆಲ್ಲ ಸಂಭ್ರಮಿಸಿತು, ನಾವೂ ಸಂಭ್ರಮಿಸಿದೆವು. ನೀರಿಳಿದಾಗ ಸೀಮೆ ತಂಗಡಿಯೆಲ್ಲ ಸತ್ತಿತ್ತು. ತಿಂಗಳುಗಟ್ಟಲೆ ಬುಡದಲ್ಲಿ ನೀರು ನಿಂತರೂ ಕರಿಜಾಲಿ ಮತ್ತು ಹೊಂಗೆ ಬದುಕಿದವು. ಕೆರೆಯಂಗಳಕ್ಕೆ ಹಿರಿಯರು ಕರಿಜಾಲಿಯನ್ನೇ ಬಿಡುತ್ತಿದ್ದುದಕ್ಕೆ ಕಾರಣ ಕಣ್ಣೆದುರಿಗೇ ಇತ್ತು, ನಾವು ಕೇಳಿರಲಿಲ್ಲ ಅಷ್ಟೆ. ಈಗ ಅಲ್ಲಿನ ಒಣಕೊಂಬೆ ಮತ್ತು ಸವರಿದ ರೆಂಬೆಗಳ ಹಕ್ಕು ಆ ಏಳು ಮನೆಗಳದ್ದು ಎಂದು ಸಂಘದ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ. ಪಂಚಾಯಿತಿಯ ನಡಾವಳಿಯಲ್ಲಿ ಅದು ಇನ್ನೂ ದಾಖಲಾಗಿಲ್ಲ. ದಾಖಲಾಗುವವರೆಗೆ ನನಗೆ ಸಮಾಧಾನವಿಲ್ಲ, ಏಕೆಂದರೆ ಮರ ದಪ್ಪವಾದ ದಿನ ಹರಾಜಿನ ಮಾತು ಬಂದೇ ಬರುತ್ತದೆ.

ಗ್ಯಾಸ್ ಬಂದ ಮೇಲೂ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 2016ರ ನಂತರ ಉಜ್ವಲ ಯೋಜನೆಯಿಂದ ನಮ್ಮೂರಿನ ಹೆಚ್ಚಿನ ಮನೆಗಳಿಗೆ ಸಿಲಿಂಡರ್ ಬಂದಿದೆ, ನಮ್ಮ ಮನೆಯಲ್ಲೂ ಇದೆ. ಕಾಫಿ, ತಿಂಡಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರ ಅಡುಗೆ ಅದರಲ್ಲೇ ಆಗುತ್ತದೆ. ಅದು ಹೆಂಗಸರಿಗೆ ದೊಡ್ಡ ಉಪಕಾರ. ಆದರೆ ಹಂಡೆಯ ನೀರನ್ನು, ಹಸುವಿನ ಹುರುಳಿಯನ್ನು, ಆರು ಜನರ ಮುದ್ದೆಯನ್ನು ಗ್ಯಾಸಿನಲ್ಲಿ ಮಾಡುವ ಮನೆ ನಮ್ಮೂರಿನಲ್ಲಿ ಇಲ್ಲ. ಕೂಲಿಯವರ ಮನೆಯಲ್ಲಿ ಖಾಲಿಯಾದ ಸಿಲಿಂಡರ್ ಎರಡು ಮೂರು ತಿಂಗಳು ಮೂಲೆಯಲ್ಲಿ ನಿಂತಿರುವುದನ್ನು ಕಂಡಿದ್ದೇನೆ. ಗ್ಯಾಸ್ ಬಂದದ್ದರಿಂದ ನಮ್ಮ ಸೌದೆ ಬಳಕೆ ಈಗ ದಿನಕ್ಕೆ 4 ಕಿಲೋಗೆ ಇಳಿದಿದೆ. ತೋಪಿಗೂ ಅಷ್ಟು ಬಿಡುವು ಸಿಕ್ಕಿದೆ.

2024ರ ಫೆಬ್ರವರಿಯಲ್ಲಿ ಮೊದಲ ಪಟ್ಟೆಯನ್ನು ಎರಡನೆಯ ಬಾರಿ ಕಡಿದೆವು. ಬೇರು ಹಳೆಯದು, ಚಿಗುರು ಹೊಸದು. ಒಣಗಿದ ಮೇಲೆ 1,920 ಕಿಲೋ ತೂಗಿತು. ನಮ್ಮ ವರ್ಷದ ಖರ್ಚು ಕಳೆದು ಉಳಿಯುವಷ್ಟನ್ನು, ಆ ಬೇಸಿಗೆಯಲ್ಲಿ ಬಾಣಂತನವಿದ್ದ ಒಂದು ಮನೆಗೆ ಮಾವ ಗಾಡಿಯಲ್ಲಿ ತಾವೇ ಹೇರಿಕೊಂಡು ಹೋಗಿ ಇಳಿಸಿ ಬಂದರು. ಮಾರನೆಯ ದಿನ ಆ ಮನೆಯವರು ತಮ್ಮ ಮುದ್ದೆ ಪಾತ್ರೆಯ ಸುತ್ತಳತೆಯನ್ನು ಹುರಿಯಲ್ಲಿ ಅಳೆದು, ಎರಡು ಗಂಟು ಹಾಕಿ, ಕಮ್ಮಾರರಿಗೆ ತಲುಪಿಸಲು ನನ್ನ ಕೈಗೆ ಕೊಟ್ಟರು.